ಆ ಪೆಟ್ಟಿಗೆ ಬಿಚ್ಚಲು ಬಿಡಿ: ನಮ್ಮ ತಾಲ್ಲೂಕಿನ ಸಿಡಿಪಿಒ ಅವರಿಗೆ ಬಹಿರಂಗ ಪತ್ರ

ಮಾನ್ಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರಿಗೆ ನಮಸ್ಕಾರಗಳು.

ನಾವು ನಿಮ್ಮ ವ್ಯಾಪ್ತಿಯ ಅಂಗನವಾಡಿಗಳ ಬಾಲವಿಕಾಸ ಸಮಿತಿಗಳಲ್ಲಿ ಇರುವವರು. ನಮ್ಮಲ್ಲಿ ಕೆಲವರು ದಾದಿಯರು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬಗ್ಗೆ 3 ವರ್ಷದಿಂದ ಕೊಟ್ಟ ಅರ್ಜಿಗಳಿಗೆಲ್ಲ ಬಂದ ಉತ್ತರ ಒಂದೇ ಸಾಲಿನದು: "ಕಿಟ್ ವಿತರಿಸಲಾಗಿದೆ." ವಿತರಿಸಿದ್ದು ನಿಜ ಮೇಡಂ, ನಾವು ಇಲ್ಲ ಎನ್ನುತ್ತಿಲ್ಲ. ಅದು ಈಗ ಎಲ್ಲಿದೆ, ಹೇಗಿದೆ ಎಂದು ಒಮ್ಮೆ ಬಂದು ನೋಡಿ ಎಂದಷ್ಟೇ ಕೇಳುತ್ತಿದ್ದೇವೆ.

ಅದು ಬೀರುವಿನ ಮೇಲಿನ ಅರೆಯಲ್ಲಿ, ಹಾಜರಿ ಪುಸ್ತಕಗಳ ಹಿಂದೆ ಇದೆ. ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಬಿಚ್ಚಿಲ್ಲ. ಹಾಳೆಯ ಮೇಲೆ ಧೂಳು, ಒಳಗೆ ಹಳದಿ ತಿರುಗಿದ ಹತ್ತಿ ಉಂಡೆ, ಅವಧಿ ಮುಗಿದ ಟಿಂಕ್ಚರ್ ಬಾಟಲಿ, ಅಂಟು ಹೋದ ಪ್ಲಾಸ್ಟರ್ ಪಟ್ಟಿ. ಗಾಯ ಮುಚ್ಚುವ ಗಾಜ್ ಬಟ್ಟೆ ಇಲ್ಲ, ಕತ್ತರಿ ಇಲ್ಲ. ಯಾಕೆ ಬಿಚ್ಚಿಲ್ಲ ಎಂದರೆ, ಬಳಸಿದ್ದನ್ನು ಮತ್ತೆ ತುಂಬಿಕೊಡುವವರಿಲ್ಲ, ತಪಾಸಣೆಗೆ ಬಂದವರು ಮಾತ್ರ ಪೆಟ್ಟಿಗೆ ಪೂರ್ತಿ ಇದೆಯಾ ಎಂದು ಕೇಳುತ್ತಾರೆ. ಹಾಗಾಗಿ ಟೀಚರ್ ಅದನ್ನು ಮುಟ್ಟುವುದಿಲ್ಲ. ತಪ್ಪು ಅವರದ್ದಲ್ಲ.

ಕಳೆದ ವರ್ಷ ನಡೆದದ್ದು ನಿಮಗೂ ಗೊತ್ತಿದೆ. ಊರಿನ ಹೆಸರು ಇಲ್ಲಿ ಬೇಡ. ನಾಲ್ಕೂವರೆ ವರ್ಷದ ಹುಡುಗ ಜಾರುಬಂಡೆಯಿಂದ ಸಿಮೆಂಟ್ ನೆಲಕ್ಕೆ ಕೈ ಊರಿಕೊಂಡು ಬಿದ್ದ. ಸಹಾಯಕಿ ಒಲೆ ಮುಂದೆ ಇದ್ದರು, ಟೀಚರ್ ಒಬ್ಬರೇ ಉಳಿದ ಮಕ್ಕಳೊಂದಿಗೆ. ಮೊಣಕೈ ಊದಿತು. ಸೇರಿದ ಹಿರಿಯರು ಉಳುಕಿದೆ ಎಂದು ಎಣ್ಣೆ ಹಚ್ಚಿ ನೀವಿದರು, ಕೈ ಎಳೆದು ನೇರ ಮಾಡಿದರು, ದಬ್ಬೆ ಇಟ್ಟು ಬಟ್ಟೆಯಲ್ಲಿ ಬಿಗಿದು ಕಟ್ಟಿದರು. ರಾತ್ರಿ ಹೊತ್ತಿಗೆ ಬೆರಳು ತಣ್ಣಗಾಗಿ ನೀಲಿಗಟ್ಟಿತ್ತು. ಆಪರೇಷನ್ ಆಯಿತು. ಆ ಮಗುವಿಗೆ ಇವತ್ತಿಗೂ ಬಳಪ ಸರಿಯಾಗಿ ಹಿಡಿಯಲು ಬರುವುದಿಲ್ಲ. ಕಚೇರಿಯಿಂದ ಬಂದಿದ್ದು ಏನು? ಟೀಚರ್‌ಗೆ ಕಾರಣ ಕೇಳಿ ನೋಟಿಸ್. ಬೀರುವಿನಲ್ಲಿದ್ದ ಪೆಟ್ಟಿಗೆಯ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ನಮಗೆ ಇನ್ನೂ ತಡೆದುಕೊಳ್ಳಲಾಗದೆ ಇರುವುದು ಇದು.

ಈ ಪೆಟ್ಟು ಅಪರೂಪದ್ದೇನಲ್ಲ. ಬೀಳುವಾಗ ಮಗು ಕೈ ಮುಂದೆ ಚಾಚುತ್ತದೆ, ಭಾರವೆಲ್ಲ ಮೊಣಕೈಗೆ ತುಸು ಮೇಲೆ, ತೋಳಿನ ಮೂಳೆ ತೆಳ್ಳಗಿರುವ ಜಾಗಕ್ಕೆ ಬೀಳುತ್ತದೆ. ಚಿಕ್ಕ ಮಕ್ಕಳಲ್ಲಿ ಮೊಣಕೈ ಬಳಿ ಮುರಿಯುವ ಮೂಳೆಗಳಲ್ಲಿ ಇದೇ ಹೆಚ್ಚು. ಅದರ ಮುಂದೆಯೇ ಕೈಗೆ ರಕ್ತ ಒಯ್ಯುವ ನಾಳವೂ ನರಗಳೂ ಹಾದುಹೋಗುತ್ತವೆ. ಎಳೆದರೆ ಮೂಳೆಯ ಚೂಪು ತುದಿ ಅವಕ್ಕೆ ಚುಚ್ಚುತ್ತದೆ. ಬಿಗಿದು ಕಟ್ಟಿದರೆ ಊತಕ್ಕೆ ಹೊರಗೆ ಜಾಗವಿಲ್ಲದೆ ಒಳಗೇ ಒತ್ತಡ ಏರಿ, ಕೆಲವೇ ಗಂಟೆಗಳಲ್ಲಿ ಮುಂಗೈಯ ಸ್ನಾಯು ಸಾಯುತ್ತದೆ, ಆಮೇಲೆ ಬೆರಳುಗಳು ಮಡಚಿಕೊಂಡೇ ಉಳಿಯುತ್ತವೆ.

ಮಾಡಬೇಕಾದ್ದು ಕಷ್ಟದ ಕೆಲಸವಲ್ಲ. ಊತ ಏರುವ ಮೊದಲೇ ಬಳೆ, ಕಡಗ, ದೃಷ್ಟಿ ದಾರ ತೆಗೆಯಬೇಕು. ದಾರವನ್ನು ಕತ್ತರಿಸಲು ತಾಯಿಯ ಒಪ್ಪಿಗೆಗೆ ಕಾಯಬಾರದು. ಕೈ ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ, ಮಡಚದೆ, ಚಾಚದೆ, ಮಡಿಸಿದ ದಿನಪತ್ರಿಕೆಯನ್ನೋ ರಟ್ಟನ್ನೋ ಆಸರೆಯಾಗಿಟ್ಟು ಸಡಿಲವಾಗಿ ಕಟ್ಟಬೇಕು. ಮಗುವಿಗೆ ಹಾಲು, ಬಿಸ್ಕತ್ತು ಏನೂ ಬೇಡ, ಆಪರೇಷನ್ ಬೇಕಾದರೆ ಅರಿವಳಿಕೆಗೆ ಹೊಟ್ಟೆ ಖಾಲಿ ಇರಬೇಕು. ಹತ್ತು ನಿಮಿಷಕ್ಕೊಮ್ಮೆ ಉಗುರು ಒತ್ತಿ ಬಿಡಬೇಕು: ಬಿಳಿಚಿದ್ದು 2 ಸೆಕೆಂಡಿನೊಳಗೆ ಕೆಂಪಾಗದಿದ್ದರೆ, ಬೆರಳು ತಣ್ಣಗಿದ್ದರೆ, ಬೆರಳು ಬಿಡಿಸಿದರೆ ಮಗು ಚೀರಿದರೆ ಕಟ್ಟು ಸಡಿಲಿಸಿ 108ಕ್ಕೆ ಕರೆ ಮಾಡಬೇಕು. ಇಷ್ಟನ್ನು ಕಲಿಸಲು ಅರ್ಧ ಗಂಟೆ ಸಾಕು. ಕಲಿಸಿದವರು ಯಾರು?

ತಲೆಗೆ ಬಿದ್ದ ಪೆಟ್ಟಿನದ್ದೂ ಇದೇ ಕಥೆ. ಬೋರೆ ಎದ್ದರೆ ಜನ ಹೆದರುತ್ತಾರೆ, ಬೋರೆ ಇಲ್ಲದಿದ್ದರೆ ಸುಮ್ಮನಾಗುತ್ತಾರೆ. ನೋಡಬೇಕಾದ್ದು ಬೋರೆಯನ್ನಲ್ಲ. ಕ್ಷಣಕಾಲವಾದರೂ ಎಚ್ಚರ ತಪ್ಪಿತ್ತೇ, ಮತ್ತೆ ಮತ್ತೆ ವಾಂತಿ ಆಗುತ್ತಿದೆಯೇ, ಎಬ್ಬಿಸಿದರೂ ಏಳದಷ್ಟು ಮಂಪರೇ, ಫಿಟ್ಸ್ ಬಂತೇ, ಕಿವಿ ಮೂಗಿನಿಂದ ರಕ್ತವೋ ನೀರಿನಂಥದ್ದೋ ಸೋರುತ್ತಿದೆಯೇ, ಎರಡು ಕಣ್ಣಿನ ಪಾಪೆಗಳ ಗಾತ್ರ ಬೇರೆ ಬೇರೆ ಇದೆಯೇ? ಒಂದಿದ್ದರೂ ಆಸ್ಪತ್ರೆ. ಏನೂ ಕಾಣದಿದ್ದರೂ 24 ಗಂಟೆ ಕಣ್ಣಿಡಬೇಕು, ಮತ್ತು ಸಂಜೆ ಕರೆದುಕೊಂಡು ಹೋಗಲು ಬಂದ ಅಜ್ಜಿಗೆ "ಮಗು ಬಿದ್ದಿದೆ" ಎಂದು ಬಾಯಿಬಿಟ್ಟು ಹೇಳಬೇಕು. ನೋಟಿಸಿನ ಭಯದಲ್ಲಿರುವ ಟೀಚರ್ ಅದನ್ನು ಹೇಳಲು ಅಳುಕುತ್ತಾರೆ. ಭಯ ಹುಟ್ಟಿಸಿದ್ದು ಯಾರು ಎಂದು ಯೋಚಿಸಿ.

ತರಚು ಗಾಯಕ್ಕೆ ಈಗಲೂ ಕಾಫಿಪುಡಿ, ಸುಣ್ಣ ಮೆತ್ತುತ್ತಾರೆ. ರಕ್ತ ನಿಂತಂತೆ ಕಾಣುತ್ತದೆ, ಕೊಳೆ ಒಳಗೇ ಕೂರುತ್ತದೆ. ಮೊದಲು ಟೀಚರ್ ಕೈ ಸೋಪಿನಲ್ಲಿ ತೊಳೆಯಬೇಕು, ಆಮೇಲೆ ಗಾಯವನ್ನು ಕುಡಿಯುವ ನೀರಿನ ಧಾರೆಯಲ್ಲಿ ಮಣ್ಣು ಹೋಗುವವರೆಗೆ ತೊಳೆದು ಗಾಜ್ ಮುಚ್ಚಬೇಕು. ಹತ್ತಿ ಬೇಡ, ಎಳೆ ಅಂಟಿಕೊಂಡು ಮರುದಿನ ಬಿಡಿಸುವಾಗ ಮತ್ತೆ ರಕ್ತ ಬರುತ್ತದೆ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ವಾಲಿಸುವುದನ್ನು ನಿಲ್ಲಿಸಬೇಕು. ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತಗಿನ ಭಾಗವನ್ನು ಪೂರ್ತಿ 10 ನಿಮಿಷ ಒತ್ತಿ ಹಿಡಿಯಬೇಕು, ನಡುವೆ ಬಿಟ್ಟು ನೋಡಬಾರದು. ನಾಯಿ ಪರಚಿದರೂ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ.

ಇನ್ನು ಎಣಿಕೆ ಕಲಿಸಲು ಇಟ್ಟ ಹುಣಸೆಬೀಜ. ಕಲಿಕೆಗೆ ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ಅದು ಮಗುವಿನ ಗಂಟಲಿಗೆ ಸರಿಯಾಗಿ ಕೂರುವ ಗಾತ್ರ. ಕೆಮ್ಮಲು ಆಗುತ್ತಿದ್ದರೆ ಕೆಮ್ಮಲು ಬಿಡಬೇಕು. ದನಿಯೇ ಹೊರಡದಿದ್ದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಗುದ್ದಬೇಕು, ಹೋಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕಳಿಗಿಂತ ತುಸು ಮೇಲಿನ ಜಾಗದಲ್ಲಿ 5 ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತುವಂತಿಲ್ಲ, ಎದೆಯ ನಡುವೆ ಎರಡು ಬೆರಳು. ಕಾಣದ ಬೀಜಕ್ಕೆ ಬೆರಳು ಹಾಕಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ. ಇದನ್ನು ಸುತ್ತೋಲೆಯಲ್ಲಿ ಓದಿ ಕಲಿಯಲಾಗದು ಮೇಡಂ. ಗೊಂಬೆಯ ಮೇಲೆ ಕೈಯಿಟ್ಟು ಮಾಡಿಯೇ ಕಲಿಯಬೇಕು.

ಜಾರುಬಂಡೆಯ ಕೆಳಗೆ ಸಿಮೆಂಟ್ ಹಾಕಿಸಿದ್ದು ಯಾರ ಯೋಚನೆಯೋ ಗೊತ್ತಿಲ್ಲ. ಅಲ್ಲಿ 1 ಅಡಿ ಆಳ ಮರಳು ಬೇಕು, ಗಟ್ಟಿಯಾದಾಗ ಕೆದಕಿ ಸಡಿಲಿಸಬೇಕು. ಪಂಚಾಯಿತಿಗೆ ನೀವು ಒಂದು ಪತ್ರ ಬರೆದರೆ ಎರಡು ಟ್ರ್ಯಾಕ್ಟರ್ ಮರಳು ಬರುತ್ತದೆ.

1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದ, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಆಮೇಲೆ ತೂಕದ ಯಂತ್ರ ಬಂತು, ಮೊಟ್ಟೆ ಬಂತು, ಟೀಚರ್ ಕೈಗೆ ಮೊಬೈಲ್ ಬಂತು. ಮಗುವಿನ ತೂಕ ಎಷ್ಟು ಗ್ರಾಂ ಏರಿತು ಎಂಬುದು ಕೂಡಲೇ ಮೇಲಿನವರಿಗೆ ತಲುಪುತ್ತದೆ. ಬಿದ್ದ ಮಗುವಿಗೆ ಮುಚ್ಚಲು ಒಂದು ತುಂಡು ಗಾಜ್ ಮಾತ್ರ ಕೆಳಗೆ ತಲುಪುವುದಿಲ್ಲ.

ನಿಯಮ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಕೇಳುತ್ತಿದ್ದೇವೆ. ಪೆಟ್ಟಿಗೆ ಬಿಚ್ಚಿ ಬಳಸಬಹುದು, ಬಳಸಿದ್ದಕ್ಕೆ ಯಾರನ್ನೂ ಕಾರಣ ಕೇಳುವುದಿಲ್ಲ ಎಂದು ಲಿಖಿತವಾಗಿ ಕೊಡಿ. ಒಳಗೆ ಪೊಟ್ಟಣದ ಗಾಜ್ 20, ಸುತ್ತುವ ಬ್ಯಾಂಡೇಜ್ 6, ತ್ರಿಕೋನ ಬಟ್ಟೆ 2, ಪೇಪರ್ ಟೇಪ್, ಮೊಂಡು ತುದಿಯ ಕತ್ತರಿ, 5 ಜೊತೆ ಕೈಗವಸು ಇರಲಿ, ಮೂರು ತಿಂಗಳಿಗೊಮ್ಮೆ ಮೇಲ್ವಿಚಾರಕಿ ಖಾಲಿಯಾದ್ದನ್ನು ತುಂಬಲಿ. ಸುತ್ತಲಿನ ಅಂಗನವಾಡಿಗಳ ಟೀಚರ್‌ಗಳು ಸೇರುವ ಬರುವ ತಿಂಗಳ ವೃತ್ತ ಸಭೆಯಲ್ಲಿ ಅರ್ಧ ದಿನ ತರಬೇತಿಗೆ ಬಿಡಿ, ಟೀಚರ್ ಜೊತೆ ಸಹಾಯಕಿಯರನ್ನೂ ಕರೆಯಿರಿ. ನಮ್ಮಲ್ಲಿನ ದಾದಿಯರು ದುಡ್ಡು ಪಡೆಯದೆ ಬಂದು ಕಲಿಸುತ್ತಾರೆ, ಗೊಂಬೆಯನ್ನೂ ಅವರೇ ತರುತ್ತಾರೆ. ಪೆಟ್ಟಿಗೆ ಬಿಚ್ಚಲು ಬಿಡಿ. ಕೈಗೆ ಕಲಿಸಲು ಬಿಡಿ. "ವಿತರಿಸಲಾಗಿದೆ" ಎಂಬ ಉತ್ತರ ಈ ಸಲ ಬೇಡ, ಸಭೆಯ ತಾರೀಖು ತಿಳಿಸಿ.

ಇಂತಿ,
ತಾಲ್ಲೂಕಿನ ಬಾಲವಿಕಾಸ ಸಮಿತಿಗಳ ಸದಸ್ಯರು