ಗಾಳಕ್ಕೆ ಸಿಕ್ಕಿಸಿದ ಮೀನು ಯಾರು ಕೊಟ್ಟದ್ದು?

ಪ್ರೀತಿಯ ಸೊಸೆಗೆ ಸೋದರಮಾವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನು ಕಳುಹಿಸಿದ ಪ್ರಬಂಧದ ಕರಡು ಕೈಸೇರಿ ಹತ್ತು ದಿನವಾಯಿತು. ಮೊದಲ ಸಲ ಸಂತೋಷಕ್ಕಾಗಿ ಓದಿದೆ. ಬಲೆ ಹೆಣೆದು ಬದುಕಿದ ಮನೆಯ ಹುಡುಗಿ ಎಂ.ಎ. ಓದುತ್ತಾ ಕಡಲಿನ ಸಾಹಿತ್ಯದ ಮೇಲೆ ಬರೆಯುತ್ತಿದ್ದಾಳೆ ಎಂದು ಎದೆ ತುಂಬಿತು. ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿದೆ. ಆಗ ಎರಡನೆಯ ಪುಟದಲ್ಲೇ ನಿಂತುಬಿಟ್ಟೆ.

ಅಮೆರಿಕದ ಲೇಖಕ ಹೆಮಿಂಗ್ವೇಯ 'ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ' ಬಗ್ಗೆ ನೀನು ಬರೆದಿರುವುದು ಹೀಗಿದೆ: ಕಡಲು ಎಂದರೆ ಬದುಕು, ಮೀನು ಎಂದರೆ ಗುರಿ, ಶಾರ್ಕ್ ಎಂದರೆ ಕಷ್ಟ, ಮುದುಕ ಎಂದರೆ ಒಂಟಿಯಾಗಿ ಹೋರಾಡುವ ಮನುಷ್ಯ. ಮಗಳೇ, ಇದನ್ನು ಬರೆಯಲು ಕಾದಂಬರಿಯನ್ನು ಓದಬೇಕಾಗಿಲ್ಲ, ಹೆಸರು ಕೇಳಿದ್ದರೆ ಸಾಕು. 1952ರಲ್ಲಿ ಆ ಪುಸ್ತಕ ಬಂದಾಗ ಹೆಮಿಂಗ್ವೇ ಒಬ್ಬ ಕಲಾ ವಿಮರ್ಶಕರಿಗೆ ಬರೆದ ಪತ್ರದಲ್ಲಿ, ಇದರಲ್ಲಿ ಸಂಕೇತ ಯಾವುದೂ ಇಲ್ಲ, ಕಡಲು ಕಡಲೇ, ಮುದುಕ ಮುದುಕನೇ, ಮೀನು ಮೀನೇ ಎಂಬರ್ಥದ ಮಾತು ಹೇಳಿದ್ದಾನೆ. ಬರೆದವನ ಮಾತೇ ಕೊನೆಯ ಮಾತು ಎಂದು ನಾನು ಹೇಳುತ್ತಿಲ್ಲ. ಮೊದಲು ಮೀನನ್ನು ಮೀನಾಗಿ ನೋಡು, ಅರ್ಥವನ್ನು ಆಮೇಲೆ ಹುಡುಕು ಎಂದಷ್ಟೇ ನನ್ನ ಬಿನ್ನಹ.

ನೋಡುವುದು ಎಂದರೆ ಹೇಗೆ? ಆ ಮುದುಕ ಸ್ಯಾಂಟಿಯಾಗೋ ನೀರಿಗೆ ಇಳಿಬಿಟ್ಟ ನಾಲ್ಕು ಗಾಳದ ಹಗ್ಗಗಳನ್ನು ನೆನಪಿಸಿಕೋ. ಒಂದು 40 ಮಾರು, ಇನ್ನೊಂದು 75, ಮತ್ತೆರಡು 100 ಮತ್ತು 125 ಮಾರು ಆಳಕ್ಕೆ. ನೀನು ಅದನ್ನು ಫ್ಯಾದಮ್ ಎಂದು ಬರೆದಿದ್ದೀಯ. ಎರಡು ಕೈಗಳನ್ನು ಚಾಚಿದಷ್ಟು ಉದ್ದಕ್ಕೆ ನಮ್ಮಲ್ಲಿ ಮಾರು ಎಂಬ ಮಾತಿದೆ, ಅದನ್ನೇ ಬರೆ. ಆಳ ಎಷ್ಟು ಎಂಬುದು ಓದುವವರ ತೋಳಿಗೇ ತಿಳಿಯುತ್ತದೆ. ಆ ದೊಡ್ಡ ಮಾರ್ಲಿನ್ ಮೀನು ಬಾಯಿ ಹಾಕಿದ್ದು 100 ಮಾರಿನ ಗಾಳಕ್ಕೆ. ಆ ಗಾಳಕ್ಕೆ ಸಿಕ್ಕಿಸಿದ್ದು ಒಂದು ಪುಟ್ಟ ಟ್ಯೂನಾ ಮೀನು. ಅದನ್ನು ಮುದುಕನಿಗೆ ಕೊಟ್ಟವರು ಯಾರು? ಮ್ಯಾನೊಲಿನ್, ಆ ಹುಡುಗ.

ಈ ಒಂದು ವಿವರವನ್ನು ನೀನು ದಾಟಿಹೋಗಿದ್ದೀಯ, ನಿನ್ನ ಪ್ರಬಂಧ ಎಡವಿರುವುದೂ ಅಲ್ಲೇ. ಮುದುಕನಿಗೆ 84 ದಿನಗಳಿಂದ ಮೀನಿಲ್ಲ. ನಲವತ್ತು ದಿನ ಕಳೆದಾಗಲೇ ತಂದೆತಾಯಿ ಹುಡುಗನನ್ನು ಬೇರೆ ದೋಣಿಗೆ ಕಳುಹಿಸಿದ್ದಾರೆ. ಆದರೂ ಅವನು ಕಾಫಿ ಕುಡಿಸಿ, ಊಟ ತಂದುಕೊಟ್ಟು, ಗಾಳಕ್ಕೆ ಮೀನು ಕೊಟ್ಟು, ದೋಣಿಯನ್ನು ನೀರಿಗೆ ನೂಕಲು ಕೈಕೊಡುತ್ತಾನೆ. ನಡುಗಡಲಿನಲ್ಲಿ ಹಗ್ಗ ಬೆನ್ನು ಕೊರೆಯುವಾಗ ಮುದುಕ ಮತ್ತೆ ಮತ್ತೆ ಹುಡುಗ ಇದ್ದಿದ್ದರೆ ಎಂದು ಹಂಬಲಿಸುತ್ತಾನೆ. ಇದನ್ನು ಒಂಟಿ ಮನುಷ್ಯನ ಕಥೆ ಎಂದು ಹೇಗೆ ಬರೆದೆ?

ನಾನು ಹುಡುಗನಾಗಿದ್ದಾಗ, ದೊಡ್ಡ ಬಲೆಯ ಯಂತ್ರದ ಪರ್ಸೀನ್ ಬೋಟುಗಳು ಬರುವ ಮೊದಲು, ನಮ್ಮ ದಡದಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ದೋಣಿ ದೊಡ್ಡ ಸುತ್ತು ಹಾಕಿ ಬಲೆ ಬಿಟ್ಟು ಬರುತ್ತಿತ್ತು, ಎರಡು ತುದಿಗಳ ಹಗ್ಗವನ್ನು ದಡದಲ್ಲಿ ನಿಂತ ಹತ್ತಾರು ಜನ ಎಳೆಯುತ್ತಿದ್ದರು. ನಾನೂ ನಡುವೆ ನುಗ್ಗಿ ಹಗ್ಗ ಹಿಡಿಯುತ್ತಿದ್ದೆ. ಒದ್ದೆ ಹಗ್ಗಕ್ಕೆ ಮರಳು ಮೆತ್ತಿರುತ್ತದೆ. ಅಲೆ ಹಿಂದೆ ಸರಿಯುವಾಗ ಬಲೆ ಒಮ್ಮೆಲೇ ಕಡಲಿನತ್ತ ಜಗ್ಗುತ್ತದೆ, ಹಿಡಿತ ಸಡಿಲಿದ್ದರೆ ಹಗ್ಗ ಅಂಗೈಯಲ್ಲಿ ಜಾರುತ್ತಾ ಚರ್ಮವನ್ನು ಸುಲಿದುಕೊಂಡೇ ಹೋಗುತ್ತದೆ. ಆ ಗಾಯಕ್ಕೆ ಉಪ್ಪುನೀರು ತಾಗಿದಾಗಿನ ಉರಿ ಇವತ್ತಿಗೂ ನೆನಪಿದೆ. ಹಿಂದೆ ನಿಂತ ಹಿರಿಯರೊಬ್ಬರು ಮಾತಿಲ್ಲದೆ ನನ್ನ ಕೈಗಳ ಮೇಲೆ ತಮ್ಮ ಕೈಗಳನ್ನಿಟ್ಟು ಬಿಗಿಹಿಡಿದರು. ಸ್ಯಾಂಟಿಯಾಗೋನ ಕೊಯ್ದುಹೋದ ಅಂಗೈಗಳನ್ನು ನೋಡಿ ಹುಡುಗ ಅಳುವ ಪುಟವನ್ನು ಓದುವಾಗಲೆಲ್ಲ ನನಗೆ ಆ ಹಿರಿಯರ ಕೈ ನೆನಪಾಗುತ್ತದೆ.

ಇನ್ನು ತಕಳಿಯವರ 'ಚೆಮ್ಮೀನ್' ಕುರಿತ ಅಧ್ಯಾಯ. 1956ರ ಈ ಮಲಯಾಳಂ ಕಾದಂಬರಿಗೆ ನೀನು ಎರಡೇ ಪುಟ ಕೊಟ್ಟಿದ್ದೀಯ, ನನಗೆ ನೋವಾದದ್ದು ಅಲ್ಲಿ. ನಮ್ಮ ಪಕ್ಕದ ದಡದ ಕಥೆ ಅದು. 'ಕಡಲಮ್ಮ ವಿಧಿಯ ಸಂಕೇತ' ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೀಯ. ಸ್ವಲ್ಪ ನಿಲ್ಲು. ಗಂಡಸು ಕಡಲಿಗೆ ಹೋದಾಗ ದಡದಲ್ಲಿರುವ ಹೆಂಡತಿಯ ನಡತೆ ಶುದ್ಧವಾಗಿದ್ದರೆ ಮಾತ್ರ ಅವನು ಮರಳಿ ಬರುತ್ತಾನೆ ಎಂಬುದು ಆ ಊರಿನ ನಂಬಿಕೆ. ಕಡಲಿನ ಸಿಟ್ಟಿಗೆ, ಗಾಳಿಗೆ, ಸುಳಿಗೆ, ಎಲ್ಲಕ್ಕೂ ನಾಯಕಿ ಕರುತ್ತಮ್ಮನೇ ಹೊಣೆ! ಹೆಣ್ಣಿನ ಹೆಗಲ ಮೇಲೆ ಇಡೀ ಸಮುದ್ರವನ್ನು ಹೊರಿಸುವ ಸಂಕೇತ ಅದು. ಸಂಕೇತ ಎಂದರೆ ಪುಸ್ತಕದೊಳಗಿನ ಅಲಂಕಾರ ಮಾತ್ರವಲ್ಲ, ಜನರ ಬದುಕನ್ನು ಕಟ್ಟಿಹಾಕುವ ಹಗ್ಗವೂ ಆಗಬಲ್ಲದು ಎಂದು ತಕಳಿ ತೋರಿಸಿದ್ದಾರೆ. ಅವಳ ಗಂಡ ಪಳನಿ ಕೊನೆಗೆ ಒಬ್ಬನೇ ದೋಣಿಯಲ್ಲಿ ಹೋಗುವುದು ಯಾಕೆ? ಅವನ ಹೆಂಡತಿಯ ಬಗ್ಗೆ ಊರು ಆಡಿಕೊಂಡಿತು, ಜೊತೆಗಾರರು ಅವನನ್ನು ದೋಣಿಗೆ ಸೇರಿಸಿಕೊಳ್ಳಲಿಲ್ಲ. ಅವನ ಒಂಟಿತನ ಕಡಲು ಕೊಟ್ಟದ್ದಲ್ಲ, ಊರು ಕೊಟ್ಟದ್ದು. ಹುಡುಗ ಕೊಟ್ಟ ಮೀನನ್ನು ಗಾಳಕ್ಕೆ ಸಿಕ್ಕಿಸಿಕೊಂಡು ಹೋದ ಮುದುಕನ ಪಕ್ಕದಲ್ಲಿ ಇವನನ್ನು ನಿಲ್ಲಿಸಿ ನೋಡು. ನಿನ್ನ ಪ್ರಬಂಧ ಇರುವುದು ಅಲ್ಲಿ, ಆ ಇಬ್ಬರ ನಡುವೆ.

ಹೆಮಿಂಗ್ವೇಯ ದೋಣಿಯಲ್ಲಿ ಹೆಣ್ಣಿಲ್ಲ. ಮುದುಕನ ಗುಡಿಸಲಿನಲ್ಲಿದ್ದ ಹೆಂಡತಿಯ ಚಿತ್ರವನ್ನೂ ಅವನು ಗೋಡೆಯಿಂದ ತೆಗೆದಿಟ್ಟಿದ್ದಾನೆ, ನೋಡಿದರೆ ಒಂಟಿತನ ಕಾಡುತ್ತದೆ ಎಂದು. ಆದರೆ ಕಡಲನ್ನು ಮಾತ್ರ ಅವನು 'ಲಾ ಮಾರ್' ಎಂದು ಹೆಣ್ಣಾಗಿ ಕರೆಯುತ್ತಾನೆ. ಮೋಟಾರ್ ಬೋಟ್ ಕೊಂಡ ಕಿರಿಯರಿಗೆ ಅದು 'ಎಲ್ ಮಾರ್', ಎದುರಾಳಿ ಗಂಡಸು. ಕನ್ನಡದ ವ್ಯಾಕರಣದಲ್ಲಿ ಕಡಲು ಹೆಣ್ಣೂ ಅಲ್ಲ, ಗಂಡೂ ಅಲ್ಲ. ಆದರೆ ನೂಲ ಹುಣ್ಣಿಮೆಯ ದಿನ ಹಾಲು, ತೆಂಗಿನಕಾಯಿ ಅರ್ಪಿಸುವಾಗ ನಮ್ಮವರು ತಾಯಿ ಎಂದೇ ಕೈಮುಗಿಯುತ್ತಾರೆ, ರಾಮಾಯಣದಲ್ಲಿ ರಾಮನ ಬಾಣಕ್ಕೆ ಅಂಜಿ ಎದ್ದುಬರುವವನು ಸಮುದ್ರರಾಜ. ಇದನ್ನು ಬೆಳೆಸಿ ಬರೆ, ಬೇರೆಯವರಿಗೆ ಸುಲಭವಾಗಿ ಸಿಗದ ಮಾತು ನಿನಗೆ ಮನೆಯಲ್ಲೇ ಸಿಗುತ್ತದೆ.

ಮನೆ ಎಂದಾಗ ನಿನ್ನ ಅಜ್ಜಿಯನ್ನು ನೆನೆಯದೆ ಇರಲಾರೆ. ನನ್ನ ಅಪ್ಪ ಕಡಲಿನಲ್ಲಿ ಕಳೆದಷ್ಟೇ ವರ್ಷಗಳನ್ನು ನನ್ನ ಅಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಕಳೆದಳು. ಸಿಂಬೆಯ ಮೇಲೆ ಬುಟ್ಟಿ, ಬುಟ್ಟಿಯಿಂದ ಕಿವಿಯ ಹಿಂದಕ್ಕೆ ಇಳಿಯುವ ಮೀನಿನ ನೀರು. ಬಂಗುಡೆ ಮಾರಾಟವಾಗದೆ ಉಳಿದ ದಿನ ಅವಳು ಬಾಗಿಲಲ್ಲಿ ಬುಟ್ಟಿ ಇಳಿಸುವ ಸದ್ದೇ ಬೇರೆ ಇರುತ್ತಿತ್ತು. ಕಡಲಿನ ಹೋರಾಟದ ಬಗ್ಗೆ ನೀನು ಬರೆದ ಅರವತ್ತು ಪುಟಗಳಲ್ಲಿ ಆ ಬುಟ್ಟಿಗೆ ಜಾಗವಿಲ್ಲ.

'ಮನುಷ್ಯ ನಾಶವಾಗಬಹುದು, ಸೋಲುವುದಿಲ್ಲ' ಎಂಬ ಸಾಲನ್ನು ಮುಖಪುಟದಲ್ಲಿ ಬರೆದಿದ್ದೀಯ. ಒಳ್ಳೆಯ ಸಾಲೇ. ಆದರೆ ದಡಕ್ಕೆ ಬಂದ ಮೇಲೆ ಅದೇ ಮುದುಕ ಹುಡುಗನೆದುರು ತಾನು ಸೋತೆ ಎಂದು ಒಪ್ಪಿಕೊಳ್ಳುತ್ತಾನಲ್ಲ, ಅದನ್ನೂ ಓದು. ಹಾಗೆ ಒಪ್ಪಿಕೊಳ್ಳಲು ಅವನಿಗೆ ಒಬ್ಬ ಹುಡುಗ ಇದ್ದ.

ನೀನು ನಾಲ್ಕು ತಿಂಗಳಿಂದ ಮನೆಗೆ ಬಂದಿಲ್ಲ. ಒಂದು ವಿಷಯದಲ್ಲಿ ನಪಾಸಾದದ್ದು ನಮಗೆ ಬೇರೆಯವರಿಂದ ತಿಳಿಯಿತು. ನಿನ್ನ ಅಮ್ಮ ಫೋನ್ ಮಾಡಿದಾಗ 'ನನ್ನ ಹೋರಾಟ ನನ್ನದು, ಯಾರೂ ಬರಬೇಡಿ' ಎಂದೆಯಂತೆ. ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಿನ್ನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ನಿನ್ನ ಪ್ರಬಂಧವನ್ನು ಓದುವಾಗ ಆ ಫೋನಿನ ಮಾತು ಕಿವಿಯಲ್ಲೇ ಇತ್ತು.

ಶನಿವಾರ ಬೆಳಗಿನ ಬಸ್ಸಿಗೆ ನಿನ್ನ ಅಮ್ಮ ಹೊರಡುತ್ತಾಳೆ. ಒಣ ಸಿಗಡಿಯ ಚಟ್ನಿ, ಕುಚ್ಚಲಕ್ಕಿ, ಪೆನ್ಸಿಲಿನಲ್ಲಿ ಗುರುತು ಹಾಕಿದ ನಿನ್ನ ಕರಡು, ಮೂರೂ ಅವಳ ಚೀಲದಲ್ಲಿರುತ್ತವೆ. ಹಾಸ್ಟೆಲ್ ಗೇಟಿನ ಹತ್ತಿರ ಹತ್ತು ಗಂಟೆಗೆ ನಿಂತಿರು. ಚೀಲ ಭಾರವಿದೆ.

ಇಂತಿ ನಿನ್ನ,
ಮಾವ