ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್ ಬರ್ತಿದೆ, ಫ್ಯಾಂಟಸಿ ತಂಡ ಕಟ್ಟೋಣ

ಫ್ಯಾಂಟಸಿ ಅಂದ್ರೆ ನಿಜವಾದ ಆಟಗಾರರನ್ನು ಆರಿಸಿ, ಪಂದ್ಯದಲ್ಲಿ ಅವರ ಆಟಕ್ಕೆ ತಕ್ಕಂತೆ ಅಂಕ ಗಳಿಸುವ ಆನ್‌ಲೈನ್ ಆಟ. ಎಲ್ಲರ ಗಮನಕ್ಕೆ: ವಾರದ ಮೊದಲ ಪಂದ್ಯಕ್ಕೆ 90 ನಿಮಿಷ ಇರುವಾಗಲೇ ತಂಡ ಲಾಕ್. ಶನಿವಾರ ಭಾರತೀಯ ಸಮಯ ಸಂಜೆ 5ರ ಪಂದ್ಯವೇ ಮೊದಲಾದರೆ ನಮ್ಮ ಗಡುವು ಮಧ್ಯಾಹ್ನ 3:30. ಅಕ್ಟೋಬರ್ ಕೊನೆಯ ಭಾನುವಾರ ಇಂಗ್ಲೆಂಡಿನ ಗಡಿಯಾರ ಹಿಂದೆ ಸರಿದ ಮೇಲೆ ಎಲ್ಲವೂ ಒಂದು ಗಂಟೆ ತಡ.

ಆಟದೊಳಗಿನ 100 ಮಿಲಿಯನ್ ಬಜೆಟ್‌ಗೆ (ನಿಜದ ದುಡ್ಡಲ್ಲ) 15 ಆಟಗಾರರು, ಒಂದು ಕ್ಲಬ್‌ನಿಂದ ಮೂವರಷ್ಟೇ. ಎರಡನೇ ಗೋಲ್‌ಕೀಪರ್‌ಗೆ ದುಡ್ಡು ಸುರಿಯಬೇಡಿ, ಅಗ್ಗದವನು ಸಾಕು. ಕೆಳಗಿನ ಲೀಗ್‌ನಿಂದ ಬಡ್ತಿ ಪಡೆದ ತಂಡಗಳ ಡಿಫೆಂಡರ್‌ಗಳೆಂದರೆ ಹುಷಾರು: 2023–24, 2024–25 ಎರಡರಲ್ಲೂ ಮೇಲೆ ಬಂದ ಮೂರಕ್ಕೆ ಮೂರೂ ಮತ್ತೆ ಕೆಳಗಿಳಿದವು.

ಉಚಿತ ಟ್ರಾನ್ಸ್‌ಫರ್ (ಆಟಗಾರರ ಬದಲಾವಣೆ) ಮೀರಿದರೆ ಒಬ್ಬೊಬ್ಬನಿಗೆ 4 ಅಂಕ ಕಟ್. ಮೊದಲ ವಾರದ ಸಿಟ್ಟಿಗೆ ಮೂವರನ್ನು ಬದಲಿಸುವವರು ಹಿಂದೆ ಬೀಳೋದು ಇಲ್ಲೇ! ದುಪ್ಪಟ್ಟು ಅಂಕ ತರೋದು ನೀವು ಆರಿಸಿದ ಕ್ಯಾಪ್ಟನ್; ಅವನು ಆಡದಿದ್ದರೆ ಮಾತ್ರ ವೈಸ್ ಕ್ಯಾಪ್ಟನ್. ಕ್ಯಾಪ್ಟನ್ ಒಂದೇ ನಿಮಿಷ ಆಡಿದರೂ ವೈಸ್ ಕ್ಯಾಪ್ಟನ್‌ಗೆ ದುಪ್ಪಟ್ಟು ಅಂಕ ಬರಲ್ಲ.