ಬಾಲಿಯ ನೀರಗಂಟಿ

ಜುಲೈ ರಜೆ ಮುಗಿದ ವಾರ ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಮೂರು ಮನೆಯವರಿಂದ ಒಂದೇ ಫೋಟೊ ಬಂತು. ನಡುವೆ ಸೀಳಿ ಎರಡು ಪಾಲು ಮಾಡಿದಂಥ ಕಲ್ಲಿನ ಹೆಬ್ಬಾಗಿಲು, ಹಿಂದೆ ಅಗುಂಗ್ ಪರ್ವತ, ಮುಂದೆ ತಿಳಿನೀರ ಕೊಳ, ಕೊಳದಲ್ಲಿ ತಲೆಕೆಳಗಾಗಿ ನಿಂತ ನಮ್ಮವರು. ಹೇಳಲೋ ಬೇಡವೋ ಎಂದು ಎರಡು ದಿನ ಸುಮ್ಮನಿದ್ದೆ. ಅಲ್ಲಿ ಕೊಳ ಇಲ್ಲ. ಬಾಲಿಯ ಪೂರ್ವದ ತುದಿಗಿರುವ ಲೆಂಪುಯಾಂಗ್ ದೇವಸ್ಥಾನದ ಆ ಬಾಗಿಲ ಮುಂದೆ ಇರುವುದು ಬರೀ ಚಪ್ಪಡಿ ಹಾಸು. ಫೋಟೊ ತೆಗೆಯುವ ಹುಡುಗ ಫೋನಿನ ಕೆಳಗೆ ಕನ್ನಡಿ ಚೂರೊಂದನ್ನು ಅಡ್ಡ ಹಿಡಿಯುತ್ತಾನೆ, ಅದೇ ಕೊಳ. ಅದಕ್ಕೆ ಟೋಕನ್ ತೆಗೆದುಕೊಂಡು ಗಂಟೆಗಟ್ಟಲೆ ಬಿಸಿಲಲ್ಲಿ ಕೂತು ಬಂದವರಲ್ಲಿ ನಮ್ಮ ಕಾರ್ಯಕಾರಿ ಸಮಿತಿಯವರೂ ಇದ್ದಾರೆ. ಹೆಸರು ಬೇಡ.

ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ನಮಗೆ ಬಾಲಿ ಸಿಡ್ನಿಗಿಂತ ಹತ್ತಿರ. ನಾಲ್ಕು ಗಂಟೆಯೊಳಗೆ ಇಳಿದಾಯಿತು, ಗಡಿಯಾರವನ್ನೂ ತಿದ್ದಬೇಕಿಲ್ಲ. ಊರಿಂದ ಅಪ್ಪ ಅಮ್ಮ ಬಂದಿದ್ದರೆ 'ಅಲ್ಲಿ ನಮ್ಮ ದೇವರುಗಳೇ ಇದ್ದಾವಂತೆ' ಎಂದು ಅವರನ್ನೂ ಕರೆದುಕೊಂಡು ಹೊರಡುತ್ತೇವೆ. ಹಾಗಾಗಿ ರಜೆ ಹತ್ತಿರ ಬಂತೆಂದರೆ 'ಒಂದು ದಿನಕ್ಕೆ ಕಾರು ಮಾಡಿಕೊಂಡರೆ ಯಾವ ಯಾವ ಗುಡಿ ನೋಡಬಹುದು?' ಎಂಬ ಫೋನು ನನಗೆ ಬರುತ್ತಲೇ ಇರುತ್ತದೆ. ಈ ಸಲದ ಸಂಪಾದಕೀಯ ಆ ಫೋನುಗಳಿಗೆಲ್ಲ ಸೇರಿಸಿ ಕೊಡುತ್ತಿರುವ ಉತ್ತರ.

ನಾವೂ ಅದೇ ರಜೆಯಲ್ಲಿ ಹೋಗಿದ್ದೆವು: ನಾನು, ಹೆಂಡತಿ, ಮಗಳು, ಕುಣಿಗಲ್ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮಮ್ಮ. ಮುಂಗಡ ಕೊಟ್ಟಿದ್ದ ಏಜೆಂಟರು ಕಳಿಸಿದ ಪಟ್ಟಿಯಲ್ಲಿ ಹತ್ತು ಗಂಟೆಗಳ ಓಡಾಟಕ್ಕೆ ಏಳು ಜಾಗ. ಬೆಳಿಗ್ಗೆ ಪೂರ್ವದಲ್ಲಿ ಲೆಂಪುಯಾಂಗ್, ಸಂಜೆ ಪಶ್ಚಿಮದಲ್ಲಿ ತಾನಾ ಲಾಟ್, ಮಧ್ಯೆ ಒಂದು ಜಲಪಾತ, ಒಂದು ಉಯ್ಯಾಲೆ, ಒಂದು ಕಾಫಿ ತೋಟ. ಅಮ್ಮನಿಗೆ ಓದಿ ಹೇಳಿದೆ. "ಇಷ್ಟೊಂದು ಗುಡಿ ಸುತ್ತುದ್ರೆ ಯಾವ ದೇವ್ರಿಗೂ ನೆಟ್ಟಗೆ ಕೈ ಮುಗ್ದಂಗಾಗಲ್ಲ ಕಣಪ್ಪ" ಎಂದರು. ರದ್ದು ಮಾಡಿದೆ. ಮುಂಗಡ ಹೋಯಿತು. ಉಳಿದುಕೊಂಡಿದ್ದ ಮನೆಯವರೇ ತಮ್ಮ ಪರಿಚಯದ ಡ್ರೈವರ್ ಒಬ್ಬರನ್ನು ಗೊತ್ತು ಮಾಡಿಕೊಟ್ಟರು. ಪೆಟ್ರೋಲೂ ಸೇರಿ ದಿನಕ್ಕೆ ಏಳೂವರೆ ಲಕ್ಷ ರೂಪಾಯ (ಇಂಡೋನೇಷ್ಯಾದ ಹಣ) ಎಂದಾಗ ಅಮ್ಮ ಕೂತಲ್ಲಿಂದ ಎದ್ದೇಬಿಟ್ಟರು. ನಮ್ಮ ಲೆಕ್ಕದಲ್ಲಿ ಅದು ಸುಮಾರು 70 ಡಾಲರ್.

ಡ್ರೈವರ್ ಹೆಸರು ಕೆತುತ್. ಬಾಲಿಯಲ್ಲಿ ಹೆಚ್ಚಿನವರಿಗೆ ಹುಟ್ಟಿದ ಸರದಿಯೇ ಹೆಸರು. ಮೊದಲನೆಯವರು ವಯಾನ್, ಎರಡನೆಯವರು ಮಾಡೆ, ಮೂರು ನ್ಯೋಮಾನ್, ನಾಲ್ಕು ಕೆತುತ್. ಐದನೆಯ ಮಗು ಹುಟ್ಟಿದರೆ ಮತ್ತೆ ವಯಾನ್. ಗಂಡಿಗೂ ಹೆಣ್ಣಿಗೂ ಅದೇ. ನಮ್ಮಮ್ಮನೂ ಮನೆಗೆ ನಾಲ್ಕನೆಯವರು. 'ಹಂಗಾದ್ರೆ ನಾನೂ ಕೆತುತ್ತೇ' ಎಂದು ನಕ್ಕರು. ಡ್ರೈವರ್ ವಯಸ್ಸಲ್ಲಿ ನನಗಿಂತ ಸ್ವಲ್ಪ ದೊಡ್ಡವರಾದ್ದರಿಂದ ನಾನು ಅವರನ್ನು 'ಬ್ಲಿ' ಎಂದೆ. ಬಾಲಿ ಭಾಷೆಯಲ್ಲಿ ಅಣ್ಣ ಅಂತ. ಮಧ್ಯಾಹ್ನದ ಹೊತ್ತಿಗೆ ಅಮ್ಮನೂ 'ಬ್ಲೀ, ನಿಲ್ಸಪ್ಪ ಇಲ್ಲಿ' ಎನ್ನತೊಡಗಿದ್ದರು.

ಏಳು ಜಾಗ ಬೇಡ, ಮೂರೋ ನಾಲ್ಕೋ ಸಾಕು ಎಂದಾಗ ಬ್ಲಿಯೇ ಒಂದು ದಾರಿ ಹೇಳಿದರು. ಬೆಳಿಗ್ಗೆ ಬೆಟ್ಟದ ಮೇಲಿನ ಸರೋವರ, ಅಲ್ಲಿಂದ ಗದ್ದೆ, ಆಮೇಲೆ ಮೆಂಗ್ವಿಯ ಅರಮನೆ ದೇವಸ್ಥಾನ, ಸಂಜೆಗೆ ಕಡಲು. 'ನೀರು ಹೋದ ಹಾಗೆ ನಾವೂ ಹೋಗೋಣ.' ಅವರಿಗದು ದಿನದ ಮಾತು. ನನಗೆ ಮಾತ್ರ ಇಡೀ ಪ್ರವಾಸದಲ್ಲಿ ಅದಕ್ಕಿಂತ ಒಳ್ಳೆಯ ಸಲಹೆ ಸಿಗಲಿಲ್ಲ.

ಬ್ರತಾನ್ ಸರೋವರದ ಉಲುನ್ ದಾನು ದೇವಸ್ಥಾನ 1633ರಲ್ಲಿ ಕಟ್ಟಿಸಿದ್ದು. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಮೇಲೆ, ಹಳೆಯ ಜ್ವಾಲಾಮುಖಿಯ ಬಾಯಲ್ಲಿ ನಿಂತ ನೀರು. ನಾವು ಹೋದಾಗ ಮಂಜು ಇನ್ನೂ ಎದ್ದಿರಲಿಲ್ಲ. ಒಂದರ ಮೇಲೊಂದು ಛತ್ರಿ ಇಟ್ಟಂತಿರುವ ಹನ್ನೊಂದು ಮಾಡಿನ 'ಮೇರು' ನೀರಿನ ಮೇಲೆ ತೇಲಿದಂತೆ ಕಾಣುತ್ತಿತ್ತು. ಮಾಡಿಗೆ ಹೊದಿಸಿರುವುದು ಈಚಲ ಜಾತಿಯ ಒಂದು ಮರದ ಕಪ್ಪು ನಾರು. ಈ ಮಾಡುಗಳ ಲೆಕ್ಕ ಸಾಮಾನ್ಯವಾಗಿ ಬೆಸ: ಮೂರು, ಐದು, ಏಳು, ಹೀಗೆ ಹನ್ನೊಂದರವರೆಗೆ. ಈ ದೇವಸ್ಥಾನದ ದೇವತೆ ದೇವಿ ದಾನು, ಕೆರೆಯ ತಾಯಿ. ಅದೇ ಆವರಣದಲ್ಲಿ ಒಂದು ಬೌದ್ಧ ಸ್ತೂಪ ಇದೆ, ರಸ್ತೆಯಾಚೆ ಗುಡ್ಡದ ಮೇಲೆ ಮಸೀದಿ ಇದೆ. ಹಂಸದ ಆಕಾರದ ಪೆಡಲ್ ದೋಣಿಗಳೂ ಇವೆ. ಅವು ಇಲ್ಲದಿದ್ದರೆ ಚೆನ್ನಾಗಿತ್ತು. ನನ್ನ ಮಗಳ ಅಭಿಪ್ರಾಯ ಬೇರೆ.

ಒಳಗಿನ ಅಂಗಳಕ್ಕೆ ನೋಡಲು ಬಂದವರನ್ನು ಬಿಡುವುದಿಲ್ಲ. ನಮ್ಮ ಸಂಘದ ಹಿರಿಯರೊಬ್ಬರು ಇದಕ್ಕೆ ಬೇಸರಪಟ್ಟುಕೊಂಡಿದ್ದರು, 'ನಾವೇ ಮೂಲದ ಹಿಂದೂಗಳು, ನಮ್ಮನ್ನೇ ತಡೀತಾರಲ್ಲ' ಎಂದು. ಬ್ಲಿಯನ್ನು ಕೇಳಿದೆ. ಪೂಜೆಗೆ ಬರುವವರು ಸಾಂಪ್ರದಾಯಿಕ ಉಡುಪು ಉಟ್ಟು, ಮನೆಯಲ್ಲಿ ಮಾಡಿದ ನೈವೇದ್ಯ ಹೊತ್ತು ಬರುತ್ತಾರೆ, ಕ್ಯಾಮೆರಾ ಹೊತ್ತು ಬರುವವರು ಹೊರಗೆ ನಿಲ್ಲುತ್ತಾರೆ ಎಂದರು. ಇದರಲ್ಲಿ ಬೇಸರಕ್ಕೆ ಏನಿದೆ ನನಗಂತೂ ತಿಳಿಯದು. ಮುಟ್ಟಾದ ಹೆಂಗಸರು ಒಳಗೆ ಬರಬಾರದು ಎಂಬ ಫಲಕ ಓದಿ ನನ್ನ ಹೆಂಡತಿ, "ಇದೊಂದನ್ನ ಮಾತ್ರ ಸಾವಿರಾರು ಮೈಲಿ ದೂರಕ್ಕೂ ಜೋಪಾನವಾಗಿ ತಂದಿದಾರೆ ನೋಡಿ" ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಮ್ಮ ಮಾತ್ರ ದಡದಲ್ಲಿ ಇಟ್ಟಿದ್ದ ಪುಟ್ಟ ತಟ್ಟೆಗಳ ಮುಂದೆ ಕೂತುಬಿಟ್ಟಿದ್ದರು. ಅಂಗೈಯಗಲ ತೆಂಗಿನ ಎಳೆಗರಿಯ ತಟ್ಟೆ. ಪೂರ್ವಕ್ಕೆ ಬಿಳಿ ಹೂ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿಯೋ ಹಸಿರೋ. ಮೇಲೊಂದು ಊದುಬತ್ತಿ. 'ಚನಾಂಗ್ ಸಾರಿ' ಎನ್ನುತ್ತಾರೆ. ಬಾಲಿಯ ಹೆಂಗಸರು ದಿನಾ ಬೆಳಿಗ್ಗೆ ಇದನ್ನು ಮಾಡಿ ಮನೆ ಬಾಗಿಲಿಗೆ, ಅಂಗಡಿ ಮುಂದೆ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಕೂಡ ಇಡುತ್ತಾರೆ. ಅಮ್ಮ ಎಂದರು: "ಕೆರೆ ಕೋಡಿ ಬಿದ್ದಾಗ ನಾವೂ ಬಾಗಿನ ಬಿಡ್ತಿರ್ಲಿಲ್ವ? ಇವ್ರು ದಿನಾ ಬಿಡ್ತಾರೆ, ಅಷ್ಟೆ."

ಸರೋವರವಿರುವ ಬೆಡುಗುಲ್‌ನಿಂದ ಗದ್ದೆಗಳ ಊರು ಜಾತಿಲುವಿಗೆ ಹೋಗುವ ರಸ್ತೆ ಒಂದೂವರೆ ಕಾರಿನಗಲ. ತಿರುವು ಮುಗಿದ ಕೂಡಲೇ ಕಣ್ಣಿಗೆ ಬೀಳುವುದು ಬೆಟ್ಟದ ಬುಡದಿಂದ ಕೆಳಗಿನ ಕಣಿವೆಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗದ್ದೆಗಳು. ಕೆಲವು ಕೊಯ್ಲಾಗಿದ್ದವು, ಕೆಲವು ಇನ್ನೂ ಹಳದಿ. ಇಲ್ಲಿ ಕೆಂಪಕ್ಕಿಯ ಹಳೆಯ ತಳಿ ಬೆಳೆಯುತ್ತಾರೆ. 2012ರಲ್ಲಿ ಯುನೆಸ್ಕೊ ಬಾಲಿಯ ಐದು ಜಾಗಗಳನ್ನು ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಸುಮಾರು 19,500 ಹೆಕ್ಟೇರ್. ಪಟ್ಟಿಗೆ ಸೇರಿದ್ದು ಬರೀ ನೋಟವಲ್ಲ. ನೀರು ಹಂಚುವ ಪದ್ಧತಿಯೇ ಸೇರಿತು. ಅದರ ಹೆಸರು ಸುಬಕ್.

ಒಂದೇ ಮೂಲದಿಂದ ನೀರು ಪಡೆಯುವ ಗದ್ದೆಯವರೆಲ್ಲ ಸೇರಿ ಒಂದು ಸುಬಕ್. ಯಾವ ಊರಿನವರು ಎಂಬುದು ಮುಖ್ಯವಲ್ಲ, ಯಾವ ನೀರಿನವರು ಎಂಬುದು ಮುಖ್ಯ. ಇದು ಒಂಬತ್ತನೇ ಶತಮಾನದಿಂದ ನಡೆದು ಬಂದಿದೆ. ನಾಟಿ ಯಾವಾಗ, ಯಾರಿಗೆ ನೀರು ಮೊದಲು, ಗದ್ದೆ ಯಾವಾಗ ಪಾಳು ಬಿಡಬೇಕು, ಎಲ್ಲ ಸಭೆ ಸೇರಿ ತೀರ್ಮಾನ. ಪ್ರತಿ ಸುಬಕ್‌ಗೆ ತನ್ನ ಗುಡಿ, ಆ ಗುಡಿಗಳ ಮೇಲೆ ದೊಡ್ಡ ಗುಡಿ, ಎಲ್ಲಕ್ಕೂ ಮೇಲೆ ಸರೋವರದ ಗುಡಿ. ಸುಬಕ್‌ನ ಮುಖ್ಯಸ್ಥನಿಗೆ 'ಪೆಕಾಸೆ' ಎನ್ನುತ್ತಾರೆ. ಬ್ಲಿಯ ಅಣ್ಣ ತಮ್ಮೂರಲ್ಲಿ ಪೆಕಾಸೆಯಂತೆ. ಅದನ್ನು ವಿವರಿಸಲು ನಾನು ಕನ್ನಡದಲ್ಲಿ ತಡಕಾಡುತ್ತಿದ್ದಾಗ ಅಮ್ಮ ಥಟ್ಟನೆ, "ನೀರಗಂಟಿ ಅನ್ನು" ಎಂದರು.

ಈಗಿನ ಮಕ್ಕಳಿಗೆ ಆ ಪದ ಗೊತ್ತಿಲ್ಲ. ಕೆರೆಯ ತೂಬು ಎತ್ತುವವನು, ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವವನು ನೀರಗಂಟಿ. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಭತ್ತ ಅಳೆಸಿಕೊಂಡು ಹೋಗುತ್ತಿದ್ದ. ಪೆಕಾಸೆ ಅವನಿಗಿಂತ ದೊಡ್ಡ ಅಧಿಕಾರದವನು, ರೈತರು ಆರಿಸಿದ ಯಜಮಾನ. ಅಮ್ಮನ ಅನುವಾದ ನೂರಕ್ಕೆ ನೂರು ಸರಿಯಲ್ಲ. ಆದರೆ ಅದಕ್ಕಿಂತ ಹತ್ತಿರದ ಪದ ನನಗೆ ಹೊಳೆಯಲಿಲ್ಲ.

ಬ್ಲಿ ನಮ್ಮನ್ನು ಬದುವಿನ ಮೇಲೆ ನಡೆಸಿಕೊಂಡು ಹೋಗಿ ಕಾಲುವೆ ಕವಲೊಡೆಯುವ ಒಂದು ಕಡೆ ನಿಲ್ಲಿಸಿದರು. ನೀರಿಗೆ ಅಡ್ಡಲಾಗಿ ಒಂದು ಮರದ ತುಂಡು. ಅದರಲ್ಲಿ ಎರಡು ಕಚ್ಚು, ಒಂದು ಅಗಲ, ಒಂದು ಕಿರಿದು. ಅಗಲದ ಕಚ್ಚಿನಿಂದ ಹೋಗುವ ನೀರು ಕೆಳಗಿನ ದೊಡ್ಡ ಬಯಲಿಗೆ, ಕಿರಿದರದು ಪಕ್ಕದ ನಾಲ್ಕು ಗದ್ದೆಗೆ. ಮೇಲೆ ಮಳೆ ಹೆಚ್ಚಾದರೂ ಕಡಿಮೆಯಾದರೂ ಪಾಲು ಮಾತ್ರ ಅದೇ. ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಗುಡಿ, ಅದರ ಮೇಲೆ ಆ ದಿನದ ತಟ್ಟೆ. ಅಮ್ಮ ಬಗ್ಗಿ ಕಚ್ಚಿನೊಳಗೆ ಬೆರಳಿಟ್ಟು ಅಳೆದರು: ಒಂದು ನಾಲ್ಕು ಬೆರಳು, ಇನ್ನೊಂದು ಒಂದೂವರೆ. ಕಿರಿದರಲ್ಲಿ ಸಿಕ್ಕಿಕೊಂಡಿದ್ದ ಎಲೆಯೊಂದನ್ನು ತೆಗೆದು ಬಿಸಾಕಿದರು.

ಇದೆಲ್ಲ ಬರೀ ನಂಬಿಕೆ ಎಂದು ತಳ್ಳಿಹಾಕಿದವರಿದ್ದರು. 1970ರ ದಶಕದಲ್ಲಿ ಹಸಿರು ಕ್ರಾಂತಿ ಬಂದಾಗ ಹೊಸ ತಳಿ, ಗೊಬ್ಬರ, ಔಷಧಿ ಕೊಟ್ಟು, ಗುಡಿಯ ಸರದಿ ಕಾಯಬೇಡಿ, ಆದಷ್ಟು ಸಲ ಬೆಳೆಯಿರಿ ಎಂದು ರೈತರಿಗೆ ಹೇಳಿದರು. ಕೆಲವೇ ವರ್ಷದಲ್ಲಿ ನೀರಿಗೆ ಜಗಳ, ಕಂದು ಜಿಗಿಹುಳುವಿನ ಕಾಟ. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಇದನ್ನು ಹತ್ತಿರದಿಂದ ನೋಡಿದವರು. ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಜೊತೆ ಸೇರಿ ಅವರು ಗುಡಿಗಳ ಸರದಿಯನ್ನು ಕಂಪ್ಯೂಟರಿಗೆ ಹಾಕಿದರು. ಅಕ್ಕಪಕ್ಕದವರೆಲ್ಲ ಒಟ್ಟಿಗೆ ನಾಟಿ ಮಾಡಿ ಒಟ್ಟಿಗೆ ಗದ್ದೆ ಖಾಲಿ ಬಿಟ್ಟರೆ ಹುಳಕ್ಕೆ ತಿನ್ನಲು ಏನೂ ಇರುವುದಿಲ್ಲ. ಆದರೆ ಎಲ್ಲರೂ ಒಂದೇ ದಿನ ನೀರು ಕೇಳಿದರೆ ನೀರು ಸಾಲದು. ಈ ಎರಡರ ನಡುವಿನ ಹದವನ್ನು ಗುಡಿಗಳ ಪಂಚಾಂಗ ಹಿಡಿದಿತ್ತು ಎಂದು ಅವರ ಲೆಕ್ಕ ತೋರಿಸಿತು.

ಊಟಕ್ಕೆ ಗದ್ದೆ ಪಕ್ಕದ ಸಣ್ಣ ಹೋಟೆಲು. ಕೆಂಪಕ್ಕಿ ಅನ್ನ, ತೊಂಡೆಹಣ್ಣಿನಷ್ಟು ಕೆಂಪಗಿದ್ದ ಸಾಂಬಲ್ ಎಂಬ ಮೆಣಸಿನಕಾಯಿ ಚಟ್ನಿ. ಬಾಲಿಯವರು ಹಿಂದೂಗಳು, ಆದ್ದರಿಂದ ಸಸ್ಯಾಹಾರ ಎಲ್ಲೆಲ್ಲೂ ಸಿಗುತ್ತದೆ ಎಂದುಕೊಂಡು ಹೋಗಬೇಡಿ. ಹಂದಿ ಅವರ ಹಬ್ಬದಡುಗೆ. ಮೊದಲೇ ಹೇಳಿದರೆ ತೆಂಪೆ (ಹುದುಗಿಸಿದ ಸೋಯಾ), ತೋಫು, ಸೊಪ್ಪು ಮಾಡಿಕೊಡುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ವಾರದ ಹೆಸರು ಅಮ್ಮ ಅಕ್ಷರ ಕೂಡಿಸಿ ಓದಿದರು: ಸೋಮ, ಅಂಗಾರ, ಬುದ, ವ್ರಸ್ಪತಿ, ಶುಕ್ರ. ಕೆಳಗೆ ಶಕ 1947. ನಮ್ಮ ಪುರೋಹಿತರು ಯುಗಾದಿಗೆ ಸಂಕಲ್ಪದಲ್ಲಿ ಹೇಳಿದ್ದೂ ಅದೇ ಶಕವರ್ಷ. ಅವರ ಹೊಸ ವರ್ಷ ನ್ಯೆಪಿ 2023ರಲ್ಲಿ ಯುಗಾದಿಯ ದಿನವೇ, ಮಾರ್ಚ್ 22ಕ್ಕೆ ಬಂದಿತ್ತು. 2025ರಲ್ಲಿ ಒಂದು ದಿನ ಮುಂಚೆ. ಅಧಿಕ ಮಾಸದ ಲೆಕ್ಕ ಬೇರೆಯಾದ್ದರಿಂದ ಕೆಲವು ವರ್ಷ ತಿಂಗಳೇ ಹಿಂದೆ ಮುಂದೆ ಆಗುತ್ತದೆ. ಹೊಸ ವರ್ಷಕ್ಕೆ ನಾವು ಒಬ್ಬಟ್ಟು ತಟ್ಟುತ್ತೇವೆ, ಅವರು ಅವತ್ತು ಒಲೆ ಹಚ್ಚುವುದಿಲ್ಲ, ದೀಪ ಹಾಕುವುದಿಲ್ಲ, ಮನೆಯಿಂದ ಹೊರಗೆ ಬರುವುದಿಲ್ಲ. ವಿಮಾನ ನಿಲ್ದಾಣವೇ 24 ಗಂಟೆ ಬಂದ್. ಮಾರ್ಚ್ ತಿಂಗಳಲ್ಲಿ ಟಿಕೆಟ್ ಮಾಡುವವರು ಆ ತಾರೀಕು ನೋಡಿಕೊಳ್ಳಿ.

ಮೆಂಗ್ವಿಯ ತಮನ್ ಆಯುನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸುತ್ತ ನೀರಿನ ಕಂದಕ, ಸಾಲು ಸಾಲು ಮೇರು, ಗೋಡೆಯಾಚೆ ನಿಂತು ನೋಡಬೇಕು. ಯುನೆಸ್ಕೊದ ಐದರಲ್ಲಿ ಇದೂ ಒಂದು. ಮಗಳು ಕಾರಿನಲ್ಲೇ ನಿದ್ದೆ ಹೋಗಿದ್ದಳು.

ತಾನಾ ಲಾಟ್ ತಲುಪಿದಾಗ ಐದು ಗಂಟೆ. ಕಡಲೊಳಗಿನ ಬಂಡೆ, ಅದರ ತಲೆಯ ಮೇಲೆ ಗುಡಿ. ಹದಿನಾರನೇ ಶತಮಾನದಲ್ಲಿ ಜಾವಾದಿಂದ ಬಂದ ಪುರೋಹಿತ ನಿರರ್ಥ ಇಲ್ಲಿ ಗುಡಿ ಕಟ್ಟಿಸಿದರು ಎನ್ನುತ್ತಾರೆ. 1980ರ ದಶಕದಲ್ಲಿ ಅಲೆಗಳ ಹೊಡೆತಕ್ಕೆ ಬಂಡೆ ಕುಸಿಯತೊಡಗಿ, ಜಪಾನಿನ ಸಾಲದಿಂದ ದುರಸ್ತಿ ನಡೆಯಿತು. ಈಗ ಕಾಣುವ ಬಂಡೆಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮನುಷ್ಯರು ಮಾಡಿದ್ದು. ಯಾವ ಭಾಗ ಎಂದು ಎಷ್ಟು ನೋಡಿದರೂ ತಿಳಿಯಲಿಲ್ಲ. ಲೆಂಪುಯಾಂಗ್‌ನ ಕನ್ನಡಿಗೆ ಬೈದವನು ಈ ಬಂಡೆಗೆ ಏಕೆ ಬೈಯುವುದಿಲ್ಲ ಎಂದು ನೀವು ಕೇಳಬಹುದು. ಇದು ಗುಡಿಯನ್ನು ಉಳಿಸಿದೆ, ಅದು ಫೋಟೊವನ್ನು.

ಇಳಿತದ ಹೊತ್ತಾದ್ದರಿಂದ ನಡೆದೇ ಹೋದೆವು. ಬಂಡೆಯ ಬುಡದಲ್ಲಿ ಸಿಹಿನೀರಿನ ಬುಗ್ಗೆ, ಸುತ್ತ ಉಪ್ಪುನೀರು. ಬಿಳಿಯುಟ್ಟ ಅರ್ಚಕರು ತೀರ್ಥ ಚಿಮುಕಿಸಿ, ಹಣೆಗೆ ಒದ್ದೆ ಅಕ್ಕಿ ಒತ್ತಿ, ಕಿವಿಗೆ ಒಂದು ದೇವಕಣಗಿಲೆ ಹೂ ಸಿಕ್ಕಿಸಿದರು. ಅವರೂ ಅದನ್ನು 'ತೀರ್ಥ' ಎಂದೇ ಕರೆಯುತ್ತಾರೆ. ಅಮ್ಮ ಹಣೆ ಒರೆಸಿಕೊಳ್ಳಲಿಲ್ಲ. ಅಲ್ಲಿಂದ ಮೇಲಕ್ಕೆ ನಮಗೆ ಬಿಡುವುದಿಲ್ಲ. ಕಾಲುವೆಯ ನೀರು ಇಲ್ಲಿಗೆ ಬಂದು ಸೇರುತ್ತದೇನು ಎಂದು ಅಮ್ಮ ಕೇಳಿದರು. ಬ್ಲಿ ಸುಮಾರು ಆ ದಿಕ್ಕಿಗೆ ಕೈ ತೋರಿಸಿ, ಎಲ್ಲ ನದಿಯೂ ಇಲ್ಲೇ ಎಲ್ಲೋ ಎಂದರು.

ಕಾರು ಮಾಡಿಕೊಂಡು ಹೋಗುವವರಿಗೆ ಮೂರು ಮಾತು. ಬೆಟ್ಟದ ಮೇಲಕ್ಕೆ ಬೆಳಿಗ್ಗೆ ಏಳರೊಳಗೆ ಹೊರಡಿ, ಮಧ್ಯಾಹ್ನ ಅಲ್ಲಿ ಮಳೆ ಮೋಡ. 2024ರ ಫೆಬ್ರುವರಿ 14ರಿಂದ ವಿದೇಶಿಯರು ತಲಾ 1,50,000 ರೂಪಾಯ ಪ್ರವಾಸಿ ಶುಲ್ಕ ಕಟ್ಟಬೇಕು, ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಿಬಿಡಿ. ಡ್ರೈವರ್‌ಗೆ ಪಟ್ಟಿ ಕೊಡುವ ಬದಲು ಅವರ ಊರು ಯಾವುದು, ಗದ್ದೆ ಇದೆಯೇ ಎಂದು ಕೇಳಿ.

ರಾತ್ರಿ ರೂಮಿಗೆ ಬಂದ ಮೇಲೆ ಅಮ್ಮ ಊರಿಗೆ ವಿಡಿಯೋ ಕಾಲ್ ಮಾಡಿಸಿದರು. ಆ ಕಡೆ ಅವರ ತಮ್ಮ, ಬಾಲಿಯ ಲೆಕ್ಕದಲ್ಲಿ ಮತ್ತೆ ವಯಾನ್. ದೇವಸ್ಥಾನ ಹೇಗಿತ್ತಕ್ಕ ಎಂದು ಮಾಮ ಕೇಳಿದರು. ಅಮ್ಮನ ಹಣೆಯಲ್ಲಿ ಇನ್ನೂ ಎರಡು ಅಕ್ಕಿಕಾಳು ಅಂಟಿಕೊಂಡಿದ್ದವು.

"ಅದಿರ್ಲಿ, ಕೆರೆ ತೂಬು ರಿಪೇರಿ ಆಯ್ತೇನೋ?"

"ಎಲ್ಲಿ ಆಯ್ತಕ್ಕ, ಇನ್ನೂ ಬಿಲ್ಲೇ ಪಾಸಾಗಿಲ್ವಂತೆ."